ಗಾಳಿ ಒಪ್ಪಿದರೆ ಇಳಿಯಬಹುದು: ಸೌತ್ ಜಾರ್ಜಿಯಾದ ಪೆಂಗ್ವಿನ್ ತೀರಗಳು, ದಿನದಿಂದ ದಿನಕ್ಕೆ

ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳ ಸ್ಟ್ಯಾನ್ಲಿಯಿಂದ ಪೂರ್ವಕ್ಕೆ ಸುಮಾರು 1,400 ಕಿಲೋಮೀಟರ್ ಸಮುದ್ರ ದಾಟಿದರೆ ಸೌತ್ ಜಾರ್ಜಿಯಾ ದ್ವೀಪ. ವಿಮಾನ ನಿಲ್ದಾಣವಿಲ್ಲ, ಹೋಟೆಲ್ಲಿಲ್ಲ, ಊರೆಂಬುದೇ ಇಲ್ಲ. ಸಂಶೋಧಕರು, ಸರ್ಕಾರಿ ಅಧಿಕಾರಿಗಳು ಪಾಳಿಯ ಮೇಲೆ ಬಂದು ಇದ್ದು ಹೋಗುತ್ತಾರೆ. ಖಾಯಂ ನಿವಾಸಿ ಒಬ್ಬರೂ ಇಲ್ಲ. ಉದ್ದ ಸುಮಾರು 165 ಕಿ.ಮೀ., ಅಗಲ ಕೆಲವೆಡೆ ಬರೀ ಎರಡು ಕಿ.ಮೀ. ನಡುಬೆನ್ನಿನಂತೆ ಹಬ್ಬಿದ ಬೆಟ್ಟಸಾಲಿನ ಅತಿ ಎತ್ತರದ ಶಿಖರ ಮೌಂಟ್ ಪ್ಯಾಜೆಟ್ 2,935 ಮೀಟರ್. ಅರ್ಧಕ್ಕಿಂತ ಹೆಚ್ಚು ನೆಲ ಹಿಮದಡಿಯಲ್ಲಿದೆ. ಉಳಿದ ತೀರದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜೋಡಿ ಕಿಂಗ್ ಪೆಂಗ್ವಿನ್‌ಗಳು ಸಂಸಾರ ಹೂಡುತ್ತವೆ.

ಪ್ರವಾಸ ಕಂಪನಿಗಳು ಕೊಡುವ ದಿನಚರಿಯಲ್ಲಿ ಇಂತಹ ದಿನ ಇಂತಹ ಕೊಲ್ಲಿ ಎಂದು ಅಚ್ಚಾಗಿರುತ್ತದೆ. ಅದನ್ನು ಅಂದಾಜು ಪಟ್ಟಿ ಎಂದಷ್ಟೇ ಓದಿಕೊಳ್ಳಿ. ಎಲ್ಲಿ ಇಳಿಯುವುದು, ಎಷ್ಟು ಹೊತ್ತು, ಇಳಿಯುವುದೋ ಬೇಡವೋ ಎಂಬುದನ್ನು ಗಾಳಿ, ಅಲೆ ಮತ್ತು ನಿಮ್ಮ ಕಾಲುಚೀಲದಲ್ಲಿ ಸಿಕ್ಕಿಕೊಂಡಿರುವ ಹುಲ್ಲುಬೀಜ ನಿರ್ಧರಿಸುತ್ತವೆ.

ದಿನ 1: ಸ್ಟ್ಯಾನ್ಲಿ

ತಿಂಗಳು ನವೆಂಬರ್, ಮೊದಲ ವಾರ. ಈ ಆಯ್ಕೆಗೆ ಕಾರಣವಿದೆ. ಅಕ್ಟೋಬರ್‌ನಿಂದ ನವೆಂಬರ್ ನಡುವಿನವರೆಗೆ ತೀರದಲ್ಲಿ ಎಲಿಫೆಂಟ್ ಸೀಲ್‌ಗಳ ದರ್ಬಾರು, ಬೆಟ್ಟದ ಬುಡದವರೆಗೂ ಹಿಮ, ಕಿಂಗ್ ಪೆಂಗ್ವಿನ್‌ಗಳ ಕಂದುಬಣ್ಣದ ದೊಡ್ಡ ಮರಿಗಳು. ಡಿಸೆಂಬರ್‌ಗೆ ತುಪ್ಪಳದ ಸೀಲ್‌ಗಳು ಬಂದು ದಂಡೆಯನ್ನೆಲ್ಲ ಆಕ್ರಮಿಸುತ್ತವೆ. ಗಂಡುಗಳು ಗಡಿ ಕಾಯುತ್ತ ಕಚ್ಚಲು ನುಗ್ಗುವುದರಿಂದ ಕೆಲವು ತೀರಗಳಲ್ಲಿ ಇಳಿಯುವುದೇ ಆಗುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ಹಿಮ ಕರಗಿ ನೆಲ ಹಸಿರಾಗಿರುತ್ತದೆ, ಸೀಲ್ ಮರಿಗಳು ಎಲ್ಲೆಲ್ಲೂ, ಕಿಂಗ್‌ಗಳು ಮೊಟ್ಟೆಯ ಮೇಲೆ. ಎಲ್ಲವೂ ಒಟ್ಟಿಗೆ ಸಿಗುವ ತಿಂಗಳು ಇಲ್ಲ.

ಹಡಗನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಪ್ರಯಾಣಿಕರ ಸಂಖ್ಯೆ. ಒಂದು ತೀರದಲ್ಲಿ ಒಮ್ಮೆಗೆ 100 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ನೂರು ಜನರ ಹಡಗಾದರೆ ಎಲ್ಲರೂ ಒಟ್ಟಿಗೆ ಇಳಿದು ಮೂರು ಗಂಟೆ ಇರಬಹುದು. ಇನ್ನೂರು ಜನರದ್ದಾದರೆ ಸರದಿ, ಅಂದರೆ ಅರ್ಧ ಸಮಯ. 500 ದಾಟಿದ ಹಡಗಿನವರು ತೀರ ಮುಟ್ಟುವಂತೆಯೇ ಇಲ್ಲ. ಟಿಕೆಟ್ ಅಗ್ಗವಾಗಿ ಕಂಡರೆ ಮೊದಲು ಈ ಲೆಕ್ಕ ಹಾಕಿ.

ಸಂಜೆ ಹಡಗು ಹೊರಡುವ ಮೊದಲು ಲೈಫ್‌ಜಾಕೆಟ್ ತಾಲೀಮು. ಅದಕ್ಕಿಂತ ಮುಖ್ಯ ವಾಂತಿಯ ಮಾತ್ರೆ. ಬಂದರಿನ ಒಳಗೆ ನೀರು ಶಾಂತವಾಗಿರುವಾಗಲೇ ನುಂಗಬೇಕು. ತಲೆ ತಿರುಗಿ ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ಘಾಟಿ ರಸ್ತೆಗೆಂದು ತೆಗೆದುಕೊಳ್ಳುವ ಅವೋಮಿನ್‌ನಂಥವು ಇಲ್ಲೂ ನಡೆಯುತ್ತವೆ, ನಿದ್ದೆ ಬರಿಸುತ್ತವೆ ಅಷ್ಟೆ. ಬೇರೆ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿಕೊಳ್ಳಬೇಕು. ಕ್ಯಾಬಿನ್ ಆಯ್ಕೆಯಿದ್ದರೆ ಹಡಗಿನ ನಡುಭಾಗದ ಕೆಳಮಹಡಿಯೇ ಒಳ್ಳೆಯದು. ಮೇಲಿನ ಮಹಡಿಯ ದುಬಾರಿ ಕೋಣೆಗೆ ನೋಟ ಚೆನ್ನ, ತೂಗಾಟವೂ ಜಾಸ್ತಿ.

ದಿನ 2: ಸಮುದ್ರ, ಮತ್ತು ವ್ಯಾಕ್ಯೂಮ್ ಕ್ಲೀನರ್

ಹೊರಗೆ ಪಶ್ಚಿಮದ ಗಾಳಿ ಹಡಗಿನ ಬೆನ್ನಿಗಿದೆ, ಆದ್ದರಿಂದ ಹೋಗುವ ದಾರಿ ಸಲೀಸು. ಓಡಾಡುವಾಗ ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ. ತೂಗುವ ಹಡಗಿನಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತರೆ ಭಾರದ ಬಾಗಿಲು ಬೀಸಿ ಬೆರಳು ಜಜ್ಜುತ್ತದೆ. ಹಡಗಿನ ವೈದ್ಯರ ಬಳಿ ಹೋಗುವವರಲ್ಲಿ ಇಂಥವರು ಇದ್ದೇ ಇರುತ್ತಾರೆ.

ಈ ದಿನದ ನಿಜವಾದ ಕೆಲಸ ಬಟ್ಟೆ ಶುಚಿ ಮಾಡುವುದು. ತೀರಕ್ಕೆ ಒಯ್ಯುವ ಪ್ರತಿಯೊಂದು ವಸ್ತುವನ್ನೂ, ಜರ್ಕಿನ್, ಪ್ಯಾಂಟು, ಟೋಪಿ, ಕೈಗವಸು, ಕ್ಯಾಮೆರಾ ಚೀಲ, ಊರುಗೋಲು, ಎಲ್ಲವನ್ನೂ ಹಡಗಿನ ಸಭಾಂಗಣಕ್ಕೆ ತಂದು ಒಂದೊಂದಾಗಿ ಪರೀಕ್ಷಿಸಬೇಕು. ಜೇಬುಗಳನ್ನು ಒಳಹೊರಗು ಮಾಡಿ ವ್ಯಾಕ್ಯೂಮ್ ಕ್ಲೀನರ್ ಹಿಡಿಯುತ್ತಾರೆ. ವೆಲ್ಕ್ರೋ ಪಟ್ಟಿ ಅತಿ ಕೆಟ್ಟದ್ದು: ಅದರ ಕೊಕ್ಕೆಗಳ ನಡುವೆ ಕೂದಲು, ನೂಲು, ಹುಲ್ಲಿನ ಎಳೆ ಸಿಕ್ಕಿಕೊಂಡಿರುತ್ತದೆ, ಸೂಜಿ ಅಥವಾ ಚಿಮಟ ಹಿಡಿದು ಒಂದೊಂದನ್ನೇ ಕೀಳಬೇಕು. ಆಮೇಲೆ ಹೊಲಿಗೆಯ ಸಂದು, ಊರುಗೋಲಿನ ತುದಿ, ಚೀಲದ ತಳದ ಮೂಲೆ. ನಮ್ಮವರ ಜೇಬಿನಲ್ಲಿ ಊಟವಾದ ಮೇಲಿನ ಸೋಂಪಿನ ಕಾಳು ಉಳಿದಿರುವುದು ಸಾಮಾನ್ಯ. ಅದೂ ಬೀಜವೇ. ತಪಾಸಣೆಯವರ ಕಣ್ಣಿಗೆ ಸೋಂಪು, ಹುಲ್ಲುಬೀಜ ಎರಡೂ ಒಂದೇ. ತಿನ್ನುವ ಯಾವ ಪದಾರ್ಥವನ್ನೂ ತೀರಕ್ಕೆ ಒಯ್ಯುವಂತಿಲ್ಲ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಈ ದ್ವೀಪ ಈಗಾಗಲೇ ಒಮ್ಮೆ ಪೆಟ್ಟು ತಿಂದಿದೆ. ಹದಿನೆಂಟನೆಯ ಶತಮಾನದ ಕೊನೆಗೆ ಬಂದ ಸೀಲ್ ಬೇಟೆಗಾರರ ಹಡಗುಗಳಿಂದ ಇಲಿಗಳು ಇಳಿದವು. ನೆಲದಲ್ಲಿ ಬಿಲ ತೋಡಿ ಗೂಡು ಮಾಡುವ ಪೆಟ್ರೆಲ್ ಎಂಬ ಕಡಲಹಕ್ಕಿಗಳ ಮೊಟ್ಟೆ, ಮರಿ ಇಲಿಗಳ ಪಾಲಾದವು. ಈ ದ್ವೀಪದಲ್ಲಿ ಮಾತ್ರ ಇರುವ, ಅಂಟಾರ್ಕ್ಟಿಕ ವಲಯದ ಏಕೈಕ ಹಾಡುಹಕ್ಕಿ ಸೌತ್ ಜಾರ್ಜಿಯಾ ಪಿಪಿಟ್, ಇಲಿ ಮುಟ್ಟದ ಕಿರುದ್ವೀಪಗಳಿಗೆ ಸೀಮಿತವಾಯಿತು. ಸಮುದ್ರಕ್ಕಿಳಿಯುವ ಹಿಮನದಿಗಳು ದ್ವೀಪವನ್ನು ತುಂಡುತುಂಡಾಗಿ ಬೇರ್ಪಡಿಸಿದ್ದರಿಂದ ಇಲಿಗಳು ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟಲಾಗುತ್ತಿರಲಿಲ್ಲ. ಆ ಹಿಮನದಿಗಳು ಹಿಂಜರಿಯತೊಡಗಿದಾಗ ಅವಸರ ಹುಟ್ಟಿತು: ಬೇಲಿ ಕರಗುವ ಮುನ್ನ ತುಂಡು ತುಂಡಾಗಿಯೇ ಮುಗಿಸಬೇಕು. 2011ರಿಂದ 2015ರ ನಡುವೆ ಮೂರು ಹಂತಗಳಲ್ಲಿ ಸೌತ್ ಜಾರ್ಜಿಯಾ ಹೆರಿಟೇಜ್ ಟ್ರಸ್ಟ್ ಹೆಲಿಕಾಪ್ಟರ್‌ಗಳಿಂದ ವಿಷದ ಗುಳಿಗೆ ಚೆಲ್ಲಿಸಿತು. ಖರ್ಚು ಸುಮಾರು ಒಂದು ಕೋಟಿ ಪೌಂಡ್. ಆಮೇಲೆ ಮೂಸುವ ನಾಯಿಗಳನ್ನು ತಂದು ಹುಡುಕಿಸಿ, 2018ರ ಮೇನಲ್ಲಿ ಇಲಿಮುಕ್ತ ಎಂದು ಘೋಷಿಸಿದರು. ಪಿಪಿಟ್ ಮರಳಿ ಬಂದಿದೆ. ಗಬ್ಬವಾದ ಒಂದೇ ಒಂದು ಇಲಿ ಯಾವುದೋ ಹಡಗಿನ ಹಗ್ಗ ಹಿಡಿದು ಇಳಿದರೂ ಅಷ್ಟೂ ಕೆಲಸ ನೀರುಪಾಲು.

ದಿನ 3: ನೀರು ತಣ್ಣಗಾಗುವ ಗೆರೆ

ನಕ್ಷೆಯ ಮೇಲೆ ಕಾಣದ ಗಡಿಯೊಂದನ್ನು ಹಡಗು ಈ ದಿನ ದಾಟುತ್ತದೆ. ಅಂಟಾರ್ಕ್ಟಿಕದ ತಣ್ಣೀರು ಉತ್ತರದ ಬೆಚ್ಚನೆಯ ನೀರಿನ ಕೆಳಗೆ ಮುಳುಗುವ ಜಾಗವದು. ಹಡಗು ನಡೆಸುವ ಕೋಣೆಯ ಥರ್ಮಾಮೀಟರ್‌ನಲ್ಲಿ ಸಮುದ್ರದ ತಾಪ ಕೆಲವೇ ಗಂಟೆಗಳಲ್ಲಿ ಆರೇಳು ಡಿಗ್ರಿಯಿಂದ ಎರಡು ಮೂರಕ್ಕೆ ಇಳಿಯಿತು, ಮಂಜು ಮುಸುಕಿತು. ಅರ್ಜೆಂಟೀನಾದ ಉಶುವಾಯ ಹೆಚ್ಚುಕಡಿಮೆ ಸೌತ್ ಜಾರ್ಜಿಯಾದ ಅಕ್ಷಾಂಶದಲ್ಲೇ ಇದೆ. ಅಲ್ಲಿ ಕಾಡಿದೆ, ಇಲ್ಲಿ ಒಂದು ಮರವೂ ಇಲ್ಲ. ವ್ಯತ್ಯಾಸಕ್ಕೆ ಕಾರಣ ಈ ಗೆರೆ. ಮೇಲೆದ್ದು ಬರುವ ಪೋಷಕಾಂಶಗಳಿಂದ ಕ್ರಿಲ್ ಸಿಗಡಿಯೂ ಚಿಕ್ಕ ಮೀನುಗಳೂ ಹೇರಳ. ದ್ವೀಪದ ತೀರದಲ್ಲಿ ಅಷ್ಟೊಂದು ಪೆಂಗ್ವಿನ್ ಏಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ನೀರಿನಲ್ಲಿದೆ.

ಮಧ್ಯಾಹ್ನ ಶಾಗ್ ರಾಕ್ಸ್ ಕಂಡವು: ದ್ವೀಪಕ್ಕೆ ಸುಮಾರು 250 ಕಿ.ಮೀ. ಪಶ್ಚಿಮದಲ್ಲಿ, ನಡು ಸಮುದ್ರದಿಂದ ಎದ್ದ, 70 ಮೀಟರ್‌ನಷ್ಟು ಎತ್ತರದ ಬಂಡೆಗಳ ಗುಂಪು, ಹಿಕ್ಕೆಯಿಂದ ಬೆಳ್ಳಗೆ.

ಕತ್ತಲಾದ ಮೇಲೆ ಎಲ್ಲ ಕಿಟಕಿಗಳ ಪರದೆ ಎಳೆಯಲೇಬೇಕು, ಹೊರಗಿನ ದೀಪಗಳು ಆರಿರಬೇಕು. ಮಂಜಿನ ರಾತ್ರಿ ಪ್ರಿಯಾನ್, ಪೆಟ್ರೆಲ್‌ನಂಥ ಕಡಲಹಕ್ಕಿಗಳು ಬೆಳಕಿಗೆ ಮರುಳಾಗಿ ಹಡಗಿಗೆ ಬಂದು ಬಡಿಯುತ್ತವೆ. ಒಂದು ಕೋಣೆಯ ತೆರೆದ ಪರದೆಯೇ ಸಾಕು.

ದಿನ 4: ಗ್ರಿಟ್‌ವಿಕೆನ್

ತಪಾಸಣೆಯ ಅಧಿಕಾರಿಗಳು ಬೆಳಿಗ್ಗೆಯೇ ಹಡಗು ಹತ್ತಿದರು. ಪ್ರಯಾಣಿಕರಲ್ಲಿ ಕೆಲವರನ್ನು ಆರಿಸಿ ಬೂಟಿನ ತಳ, ಜೇಬು, ವೆಲ್ಕ್ರೋಗಳಿಗೆ ಟಾರ್ಚ್ ಹಿಡಿಯುತ್ತಾರೆ. ಒಬ್ಬಿಬ್ಬರ ಬಟ್ಟೆಯಲ್ಲಿ ಬೀಜ ಸಿಕ್ಕರೆ ಮತ್ತೆ ತೊಳೆ ಎನ್ನುತ್ತಾರೆ. ಹೆಚ್ಚು ಜನರಲ್ಲಿ ಸಿಕ್ಕರೆ ಇಡೀ ಹಡಗಿನ ಇಳಿಯುವಿಕೆಗೇ ಕುತ್ತು. ಎರಡನೆಯ ದಿನ ಗೊಣಗಿದವರೆಲ್ಲ ಈಗ ಸುಮ್ಮನಾಗಿರುತ್ತಾರೆ.

ಗ್ರಿಟ್‌ವಿಕೆನ್ ತಿಮಿಂಗಿಲ ಕಾರ್ಖಾನೆಯನ್ನು ನಾರ್ವೆಯ ಕಾರ್ಲ್ ಆಂಟನ್ ಲಾರ್ಸೆನ್ 1904ರಲ್ಲಿ ಆರಂಭಿಸಿದ. 1960ರ ದಶಕದ ನಡುವಿನಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಈ ದ್ವೀಪದಲ್ಲಿ ಸುಮಾರು 1,75,000 ತಿಮಿಂಗಿಲಗಳನ್ನು ಸೀಳಿ ಎಣ್ಣೆ ತೆಗೆದಿದ್ದರು. ತುಕ್ಕು ಹಿಡಿದ ಕಡಾಯಿಗಳು, ಎಣ್ಣೆ ತೊಟ್ಟಿಗಳು, ದಂಡೆಗೆ ಒರಗಿದ ಪೆಟ್ರೆಲ್ ಎಂಬ ಬೇಟೆ ಹಡಗು, 1913ರ ಮರದ ಚರ್ಚು, ಒಂದು ವಸ್ತುಸಂಗ್ರಹಾಲಯ. ಸ್ಮಶಾನದಲ್ಲಿ ಅಂಟಾರ್ಕ್ಟಿಕದ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್‌ನ ಸಮಾಧಿ. 1922ರ ಜನವರಿ 5ರಂದು ಇಲ್ಲೇ ಹಡಗಿನಲ್ಲಿ ತೀರಿಕೊಂಡ. ಬಲಬದಿಯಲ್ಲಿ 2011ರಲ್ಲಿ ತಂದಿಟ್ಟ, ಅವನ ಸಂಗಡಿಗ ಫ್ರಾಂಕ್ ವೈಲ್ಡ್‌ನ ಚಿತಾಭಸ್ಮ. ಸ್ಮಶಾನದ ಗೇಟು ತೆರೆದಿಟ್ಟು ಬಂದರೆ ಎಲಿಫೆಂಟ್ ಸೀಲ್ ಒಳಗೆ ನುಗ್ಗಿ ಕಲ್ಲುಗಳಿಗೆ ಮೈ ಉಜ್ಜುತ್ತದೆ, ಮುಚ್ಚಿ ಬನ್ನಿ. ಬೇರೆ ಹಳೆಯ ಕಾರ್ಖಾನೆಗಳಾದ ಲೀತ್, ಸ್ಟ್ರಾಮ್‌ನೆಸ್, ಹುಸ್ವಿಕ್‌ಗಳ 200 ಮೀಟರ್ ಒಳಗೆ ಯಾರನ್ನೂ ಬಿಡುವುದಿಲ್ಲ: ಗಾಳಿಗೆ ತಗಡು ಹಾರುತ್ತದೆ, ಗೋಡೆಗಳಲ್ಲಿ ಆಸ್ಬೆಸ್ಟಾಸ್ ಇದೆ.

ದಿನ 5: ಸೇಂಟ್ ಆಂಡ್ರ್ಯೂಸ್ ಕೊಲ್ಲಿ

ನಾಲ್ಕೂವರೆಯ ಹೊತ್ತಿಗೆ ಬೆಳಕು ಹರಿಯಿತು. ಸೌತ್ ಜಾರ್ಜಿಯಾದ ದೊಡ್ಡ ತೀರಗಳಲ್ಲಿ ಬೆಳಗಿನ ಜಾವವೇ ಇಳಿಯುತ್ತಾರೆ. ಗಾಳಿ ಇನ್ನೂ ಎದ್ದಿರುವುದಿಲ್ಲ, ಹಿಮನದಿಯ ತೊರೆಗಳಲ್ಲಿ ನೀರೂ ಕಡಿಮೆ.

ಇಳಿಯುವ ವಿಧಾನ ಹೀಗೆ. ಮೈಗಂಟುವ ಉಣ್ಣೆಯ ಪದರ, ಅದರ ಮೇಲೆ ಫ್ಲೀಸ್, ಹೊರಗೆ ನೀರು ಹೋಗದ ಜರ್ಕಿನ್ ಮತ್ತು ಪ್ಯಾಂಟು. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಪ್ಯಾಂಟಿನ ಕಾಲನ್ನು ಗಮ್‌ಬೂಟಿನ ಹೊರಗೆ ಬಿಡಬೇಕು. ಒಳಗೆ ತುರುಕಿದರೆ ಮೊದಲ ಅಲೆಯೇ ಬೂಟು ತುಂಬಿಸುತ್ತದೆ. ಹೊರಡುವಾಗ ಬಾಗಿಲ ಬಳಿಯ ಹಲಗೆಯಲ್ಲಿ ನಿಮ್ಮ ಸಂಖ್ಯೆಯ ಬಿಲ್ಲೆ ತಿರುಗಿಸಿ, ಬೂಟನ್ನು ವಿರ್ಕಾನ್ ಎಂಬ ಸೋಂಕುನಿವಾರಕದ ತೊಟ್ಟಿಯಲ್ಲಿ ಅದ್ದಿ, ಝೋಡಿಯಾಕ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿಗೆ ಇಳಿಯಬೇಕು. ಎರಡೂ ಕೈ ಖಾಲಿಯಿರಲಿ. ದೋಣಿಯವನ ಅಂಗೈ ಹಿಡಿಯಬಾರದು, ಅವನ ಮುಂಗೈ ನೀವು, ನಿಮ್ಮ ಮುಂಗೈ ಅವನು ಹಿಡಿಯಬೇಕು. ಒದ್ದೆ ಕೈಗವಸು ಜಾರಿದರೂ ಮಣಿಕಟ್ಟು ಜಾರುವುದಿಲ್ಲ. ಮೊದಲು ದೋಣಿಯ ಉಬ್ಬಿದ ಅಂಚು, ಆಮೇಲೆ ಮೆಟ್ಟಿಲು, ಆಮೇಲೆ ತಳ. ಹಾರಬಾರದು. ದಂಡೆ ತಲುಪಿದ ಮೇಲೆ ಅಂಚಿನ ಮೇಲೆ ಕೂತೇ ಮುಂದಕ್ಕೆ ಜಾರಿ, ಕಾಲುಗಳನ್ನು ದೋಣಿಯ ಹಿಂಭಾಗದ ಕಡೆಗೆ ತಿರುಗಿಸಿ ನೀರಿಗಿಡಬೇಕು. ಮೂತಿಯ ಕಡೆ ತಿರುಗಿಸಿ ಇಳಿದವರ ಮೇಲೆ ಹಿಂದಿನಿಂದ ಬಂದ ಅಲೆ ದೋಣಿಯನ್ನೇ ತಳ್ಳುತ್ತದೆ.

ಪ್ರಯಾಣಿಕರಿಗಿಂತ ಮುಂಚೆ ನೀಲಿ ಪೀಪಾಯಿಗಳು ತೀರ ಸೇರಿದವು. ಅವುಗಳಲ್ಲಿ ಗುಡಾರ, ಹೊದಿಕೆ, ನೀರು, ತುರ್ತಿನ ಆಹಾರ. ಗಾಳಿ ಎದ್ದು ದೋಣಿ ಓಡಿಸಲಾಗದೆ ಜನ ತೀರದಲ್ಲೇ ಉಳಿಯುವ ಸಂದರ್ಭ ಇಲ್ಲಿ ಬರಿಯ ಊಹೆಯಲ್ಲ.

ದಂಡೆ ಸುಮಾರು ಮೂರು ಕಿ.ಮೀ. ಉದ್ದ. ಇಳಿದ ಕೂಡಲೇ ಎದುರಾಗುವುದು ಪೆಂಗ್ವಿನ್ ಅಲ್ಲ, ಎಲಿಫೆಂಟ್ ಸೀಲ್. ಗಂಡು ನಾಲ್ಕು ಟನ್‌ವರೆಗೂ ತೂಗುತ್ತದೆ. ಹೆಣ್ಣುಗಳ ಗುಂಪು ಕಾಯುತ್ತ ಮಲಗಿರುತ್ತದೆ, ಇನ್ನೊಂದು ಗಂಡು ಕಂಡರೆ ತನ್ನ ಮರಿಯ ಮೇಲೇ ಉರುಳಿಕೊಂಡು ಓಡುತ್ತದೆ. ಅದರ ಮತ್ತು ಸಮುದ್ರದ ನಡುವೆ ನಿಲ್ಲಬೇಡಿ. ಎರಡು ಗಂಡುಗಳ ನಡುವಂತೂ ಬೇಡವೇ ಬೇಡ. ಹಾಲು ಬಿಟ್ಟ ಮರಿಗಳು ಚೀಲದಂತೆ ಬಿದ್ದಿರುತ್ತವೆ, ಮೂರು ವಾರದ ತಾಯಿಹಾಲಿನಲ್ಲೇ ಹುಟ್ಟುತೂಕದ ಮೂರು ಪಟ್ಟು ಬೆಳೆದಿರುತ್ತವೆ. ಮೊದಲಿಗಿಂತ ಈಗ ಸಾಲು ತೆಳುವಾಗಿದೆ. 2023ರ ಕೊನೆಯಲ್ಲಿ ಹಕ್ಕಿಜ್ವರ ದ್ವೀಪ ಮುಟ್ಟಿತು, ಮೊದಲು ಸ್ಕೂವಾ ಹಕ್ಕಿಗಳಲ್ಲಿ, ಆಮೇಲೆ ಸೀಲ್‌ಗಳಲ್ಲಿ. ಮುಖ್ಯ ತೀರಗಳಲ್ಲಿ 2022 ಮತ್ತು 2024ರ ನಡುವೆ ಮರಿಹಾಕುವ ಹೆಣ್ಣು ಎಲಿಫೆಂಟ್ ಸೀಲ್‌ಗಳ ಸಂಖ್ಯೆ ಹತ್ತಿರಹತ್ತಿರ ಅರ್ಧಕ್ಕೆ ಕುಸಿದದ್ದು ಆಕಾಶಚಿತ್ರಗಳ ಎಣಿಕೆಯಲ್ಲಿ ಕಂಡಿದೆ. ಕಿಂಗ್ ಪೆಂಗ್ವಿನ್‌ಗಳಿಗೆ ಅಂತಹ ಹೊಡೆತ ಬಿದ್ದಿಲ್ಲ.

ಆ ಜ್ವರ ಬಂದಂದಿನಿಂದ ತೀರದಲ್ಲಿ ಕೂರುವಂತಿಲ್ಲ, ಮಂಡಿ ಊರುವಂತಿಲ್ಲ, ಮಲಗಿ ಫೋಟೋ ತೆಗೆಯುವಂತಿಲ್ಲ, ಚೀಲ ಕೆಳಗಿಡುವಂತಿಲ್ಲ. ನೆಲಕ್ಕೆ ತಾಗಬಹುದಾದದ್ದು ಬೂಟು ಮಾತ್ರ. ಛಾಯಾಗ್ರಾಹಕರಿಗೆ ಇದರ ಅರ್ಥ: ಲೆನ್ಸ್ ಬದಲಾಯಿಸುವ ಯೋಚನೆಯನ್ನು ಹಡಗಿನಲ್ಲೇ ಮುಗಿಸಿ ಬನ್ನಿ. 70-200 ಅಥವಾ 100-400 ಮಿ.ಮೀ.ನ ಒಂದೇ ಲೆನ್ಸು ಕೊರಳಿಗೆ, ಅಗಲ ಚಿತ್ರಕ್ಕೆ ಜೇಬಿನ ಫೋನು, ಹೆಚ್ಚಿನ ಬ್ಯಾಟರಿ ಒಳಜೇಬಿನಲ್ಲಿ ಮೈಶಾಖಕ್ಕೆ. ಡ್ರೋನ್ ನಿಷಿದ್ಧ.

ತೊರೆ ದಾಟಿದರೆ ಮೊರೇನ್, ಅಂದರೆ ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬ, ಅದರ ಮೇಲಿನಿಂದ ಇಡೀ ನೆಲೆ ಕಾಣುತ್ತದೆ. ತೊರೆ ಹಲವು ಕವಲಾಗಿ ಹರಿಯುತ್ತದೆ. ನೀರು ಮಂಡಿಗಿಂತ ಮೇಲೆ ಬಂದರೆ ಮಾರ್ಗದರ್ಶಕರು ಬಿಡುವುದಿಲ್ಲ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಬಿಸಿಲೇರಿದರೆ ಮಧ್ಯಾಹ್ನಕ್ಕೆ ಬೂಟು ತುಂಬುವಷ್ಟಾಗುತ್ತದೆ, ಹೋದವರು ವಾಪಸು ದಾಟಲಾಗದೆ ನಿಲ್ಲುತ್ತಾರೆ. ಹಾಗಾಗಿ ಮೊದಲು ದೂರದ ದಿಬ್ಬ, ಆಮೇಲೆ ದಂಡೆ. ಈ ಕ್ರಮ ತಪ್ಪಿಸಬೇಡಿ.

ದಿಬ್ಬದಿಂದ ಕಾಣುವುದು 1,50,000ಕ್ಕೂ ಹೆಚ್ಚು ಜೋಡಿಗಳ ನೆಲೆ, ದ್ವೀಪದಲ್ಲೇ ದೊಡ್ಡದು. ಬೂದು-ಬಿಳಿಯ ವಯಸ್ಕರ ನಡುವೆ ಕಂದು ಪಟ್ಟಿಗಳು ಹರಿದಂತೆ ಇರುತ್ತವೆ, ಅವು ಮರಿಗಳ ಗುಂಪು. ಮೊದಮೊದಲು ಬಂದ ನಾವಿಕರು ಇವನ್ನು ಬೇರೆಯೇ ಜಾತಿಯ ಹಕ್ಕಿ ಎಂದುಕೊಂಡಿದ್ದರಂತೆ. ನೋಡಿದರೆ ತಪ್ಪೆನ್ನಿಸುವುದಿಲ್ಲ, ದಪ್ಪ ಕಂದು ನಯತುಪ್ಪುಳದ ಮರಿ ತಾಯಿಗಿಂತ ಗಾತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ. ಕಿಂಗ್ ಗೂಡು ಕಟ್ಟುವುದಿಲ್ಲ. ಒಂದೇ ಮೊಟ್ಟೆ, ಅದು ಪಾದದ ಮೇಲೆ, ಹೊಟ್ಟೆಯ ಮಡಿಕೆಯ ಕೆಳಗೆ. ಕಾವು ಸುಮಾರು 54 ದಿನ, ಗಂಡು ಹೆಣ್ಣು ಸರದಿಯಂತೆ, ಒಬ್ಬೊಬ್ಬರದು ಎರಡು ಮೂರು ವಾರ ಉಪವಾಸ. ಹಕ್ಕಿಯಿಂದ ಹಕ್ಕಿಗೆ ಇರುವ ಅಂತರ ಕೊಕ್ಕು ಚಾಚಿದರೆ ತಾಗದಷ್ಟು, ಒಂದಿಂಚೂ ಹೆಚ್ಚಿಲ್ಲ.

ಇವುಗಳ ವರ್ಷ ನಮ್ಮ ಪಂಚಾಂಗಕ್ಕೆ ಹೊಂದುವುದಿಲ್ಲ. ಮೊಟ್ಟೆಯಿಂದ ಮರಿ ಸಮುದ್ರಕ್ಕಿಳಿಯುವವರೆಗೆ ಹದಿನಾಲ್ಕರಿಂದ ಹದಿನಾರು ತಿಂಗಳು ಬೇಕು. ಕಳೆದ ಬೇಸಿಗೆಯಲ್ಲಿ ಹುಟ್ಟಿದ ಮರಿ ಚಳಿಗಾಲವಿಡೀ ತೀರದಲ್ಲೇ ನಿಂತಿರುತ್ತದೆ. ತಂದೆತಾಯಿ ದೂರದ ಸಮುದ್ರಕ್ಕೆ ಹೋಗುವುದರಿಂದ ತಿಂಗಳುಗಟ್ಟಲೆ ಊಟವಿರುವುದಿಲ್ಲ, ಮೈತೂಕ ಅರ್ಧದ ಹತ್ತಿರಕ್ಕೆ ಇಳಿಯುವುದೂ ಉಂಟು. ವಸಂತದಲ್ಲಿ ಮತ್ತೆ ಉಣಿಸಿ, ಡಿಸೆಂಬರ್, ಜನವರಿಯಲ್ಲಿ ಗರಿ ಬದಲಾಯಿಸಿ ಕಳುಹಿಸುತ್ತವೆ. ಆ ಜೋಡಿ ಮುಂದಿನ ಮೊಟ್ಟೆಯನ್ನು ತಡವಾಗಿ ಇಡುತ್ತದೆ. ತಡವಾಗಿ ಇಟ್ಟದ್ದರ ಮರಿ ಚಳಿಗಾಲಕ್ಕೆ ಸಾಕಷ್ಟು ಕೊಬ್ಬಿರುವುದಿಲ್ಲ, ಹೆಚ್ಚಾಗಿ ಸಾಯುತ್ತದೆ. ಹೀಗಾಗಿ ಮೂರು ವರ್ಷಕ್ಕೆ ಎರಡು ಮರಿ ಸಾಕಿದರೆ ಅದೇ ಹೆಚ್ಚು. ನೋಡುವವರಿಗೆ ಲಾಭ: ಯಾವ ತಿಂಗಳು ಬಂದರೂ ನೆಲೆ ಖಾಲಿಯಿರುವುದಿಲ್ಲ.

ದಂಡೆಯಲ್ಲಿ ಅಲುಗಾಡದೆ ಸಪ್ಪೆಮೋರೆ ಹಾಕಿ ನಿಂತವು ರೋಗಿಷ್ಠ ಹಕ್ಕಿಗಳಲ್ಲ, ಗರಿ ಉದುರಿಸುತ್ತಿರುವವು. ಮೂರ್ನಾಲ್ಕು ವಾರ ಹಳೆಯ ಗರಿ ಉದುರಿ ಹೊಸದು ಬರುವವರೆಗೆ ಮೈ ನೀರು ತಡೆಯುವುದಿಲ್ಲ, ಸಮುದ್ರಕ್ಕಿಳಿಯಲಾಗದು, ಆದ್ದರಿಂದ ಊಟವೂ ಇಲ್ಲ. ಅವನ್ನು ನಡೆಸಿದರೆ, ಓಡಿಸಿದರೆ ಉಳಿಸಿಟ್ಟ ಕೊಬ್ಬು ಖರ್ಚಾಗುತ್ತದೆ. ಕನಿಷ್ಠ ಐದು ಮೀಟರ್ ದೂರ ಎಂಬ ನಿಯಮದ ಹಿಂದೆ ಇದೂ ಇದೆ. ಮರಿಗಳಿಗೆ ನಿಯಮ ಗೊತ್ತಿಲ್ಲ, ಕುತೂಹಲದಿಂದ ಬೂಟಿನವರೆಗೂ ಬರುತ್ತವೆ. ಹಿಂದೆ ಸರಿಯಬೇಕಾದವರು ನೀವು.

ಸದ್ದು ಕಿವಿಗಡಚಿಕ್ಕುವಂಥದ್ದು. ಸಮುದ್ರದಿಂದ ಬಂದ ಹಕ್ಕಿ ಕತ್ತು ಮೇಲೆತ್ತಿ ತುತ್ತೂರಿ ಊದಿದಂತೆ ಕೂಗುತ್ತದೆ, ಸಾವಿರಾರು ಸೀಟಿಗಳ ನಡುವೆ ತನ್ನ ಮರಿಯ ಸೀಟಿಯನ್ನು ಹುಡುಕುತ್ತದೆ. ಒಂದೇ ಗಂಟಲಿನಿಂದ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ಅವೆರಡರ ನಡುವಿನ ಮಿಡಿತವೇ ಪ್ರತಿ ಹಕ್ಕಿಯ ಗುರುತು. ವಾಸನೆಯ ಬಗ್ಗೆ ಬರೆಯುವುದಿಲ್ಲ. ಜರ್ಕಿನ್ ಒಗೆದ ಮೇಲೂ ಇರುತ್ತದೆ.

ಒಂಬತ್ತೂವರೆಗೆ ಹಿಮನದಿಯ ಕಡೆಯಿಂದ ಗಾಳಿ ಬೀಸತೊಡಗಿತು, ಮರಳು ಮುಖಕ್ಕೆ ಚುಚ್ಚಿತು. ಕೂಡಲೇ ವಾಪಸು. ದಂಡೆಯ ಅಂಚಿನಲ್ಲಿ ಮೃದು ಬ್ರಷ್‌ನಿಂದ ಬೂಟು ಉಜ್ಜಿ, ಹಡಗಿನ ಬಾಗಿಲಲ್ಲಿ ಮತ್ತೆ ಉಜ್ಜಿ, ವಿರ್ಕಾನ್‌ನಲ್ಲಿ ಅದ್ದಿ, ಬಿಲ್ಲೆ ತಿರುಗಿಸಿ ಒಳಗೆ. ಬೂಟಿನ ತಳದ ಗೆರೆಗಳಲ್ಲಿ ಸೇರಿದ ಹಿಕ್ಕೆ ಒಣಗಿದರೆ ಕಲ್ಲಾಗುತ್ತದೆ, ತಕ್ಷಣ ತೆಗೆಯದಿದ್ದರೆ ಅರ್ಧ ಗಂಟೆಯ ಕೆಲಸ.

ದಿನ 6: ಗೋಲ್ಡ್ ಹಾರ್ಬರ್, ಕೂಪರ್ ಕೊಲ್ಲಿ, ಡ್ರಿಗಾಲ್ಸ್ಕಿ

ಗೋಲ್ಡ್ ಹಾರ್ಬರ್‌ನಲ್ಲಿ ಬಂಡೆಯ ಮೇಲೆ ತೂಗುವ ಬರ್ಟ್ರಾಬ್ ಹಿಮನದಿ, ಕೆಳಗೆ ಕಿಂಗ್‌ಗಳು. ಚಿಕ್ಕ ದಂಡೆ, ಒಂದೂವರೆ ಗಂಟೆ ಸಾಕು.

ಕೂಪರ್ ಕೊಲ್ಲಿಯಲ್ಲಿ ದೋಣಿಯಿಂದ ಇಳಿಯದೆ ನೋಡುವುದು. ಕಡಿದಾದ ಟಸ್ಸಾಕ್ ಹುಲ್ಲಿನ ಇಳಿಜಾರಿನಲ್ಲಿ ಮ್ಯಾಕರೋನಿ ಪೆಂಗ್ವಿನ್‌ಗಳು, ಹಣೆಯಿಂದ ಹಿಂದಕ್ಕೆ ಬಾಚಿದಂತೆ ಚಿನ್ನದ ಬಣ್ಣದ ಜುಟ್ಟು, ಕೆಂಪು ಕಣ್ಣು, ಸದಾ ಜಗಳ. ಇಡೀ ದ್ವೀಪದಲ್ಲಿ ಸುಮಾರು ಹತ್ತು ಲಕ್ಷ ಜೋಡಿಗಳಿವೆ, ಹಿಂದಿನ ದಶಕಗಳ ಅಂದಾಜಿಗೆ ಹೋಲಿಸಿದರೆ ಬಹಳ ಕಡಿಮೆ. ಇವು ಎರಡು ಮೊಟ್ಟೆ ಇಡುತ್ತವೆ. ಮೊದಲನೆಯದು ಚಿಕ್ಕದು, ಎರಡನೆಯದು ಬರುವ ಹೊತ್ತಿಗೆ ಅದು ಗೂಡಿನಿಂದ ಉರುಳಿ ಹೋಗಿರುತ್ತದೆ. ಮರಿಯಾಗುವುದು ಎರಡನೆಯದು ಮಾತ್ರ.

ಇಲ್ಲಿ ದೋಣಿಗೆ ಅಪಾಯ ಕೆಲ್ಪ್ ಎಂಬ ಕಡಲಕಳೆಯಿಂದ. ಉದ್ದನೆಯ ದಂಟುಗಳು ಪ್ರೊಪೆಲ್ಲರ್‌ಗೆ ಸುತ್ತಿ ಎಂಜಿನ್ ನಿಂತರೆ ಅಲೆ ದೋಣಿಯನ್ನು ನೇರ ಬಂಡೆಗೆ ಒಯ್ಯುತ್ತದೆ. ಕೆಲ್ಪ್ ಕಂಡಲ್ಲಿ ಕೆಳಗೆ ಬಂಡೆಯಿದೆ ಎಂದೇ ಲೆಕ್ಕ. ಸಿಕ್ಕಿಕೊಂಡರೆ ಮೊದಲು ರಿವರ್ಸ್ ಹಾಕಿ ಬಿಡಿಸುತ್ತಾರೆ, ಆಗದಿದ್ದರೆ ಎಂಜಿನ್ ಆರಿಸಿ ಎತ್ತಿ ಚಾಕುವಿನಿಂದ ಕತ್ತರಿಸುತ್ತಾರೆ. ಆದ್ದರಿಂದಲೇ ಎರಡು ದೋಣಿಗಳು ಯಾವಾಗಲೂ ಜೊತೆಯಾಗಿ.

ಸಂಜೆ ದ್ವೀಪದ ಆಗ್ನೇಯ ತುದಿಯ ಡ್ರಿಗಾಲ್ಸ್ಕಿ ಫಿಯರ್ಡ್ ಎಂಬ ಕಿರಿದಾದ ಕಡಲತೋಳಿಗೆ ಹಡಗೇ ನುಗ್ಗಿತು, ಎರಡೂ ಕಡೆ ಕಪ್ಪು ಗೋಡೆ, ಕೊನೆಗೆ ರಿಸ್ಟಿಂಗ್ ಹಿಮನದಿ. ಇಲ್ಲಿಂದ ಇನ್ನೂ ಆಗ್ನೇಯಕ್ಕೆ ಹೋದರೆ ಸೌತ್ ಸ್ಯಾಂಡ್‌ವಿಚ್ ದ್ವೀಪಗಳು, ಅದರಲ್ಲಿ ಝವೊಡೊವ್ಸ್ಕಿ ಎಂಬ ಜ್ವಾಲಾಮುಖಿಯ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳು. ದಂಡೆಯೇ ಇಲ್ಲದ ಬಂಡೆತೀರ, ನಿಲ್ಲದ ಅಲೆ. ಅಲ್ಲಿಗೆ ಸಾಮಾನ್ಯ ಪ್ರವಾಸದ ಹಡಗು ಹೋಗುವುದು ಅಪರೂಪ.

ದಿನ 7: ಇಳಿಯದ ದಿನ

ಯೋಜನೆ ಫಾರ್ಚುನಾ ಕೊಲ್ಲಿಯಿಂದ ಸ್ಟ್ರಾಮ್‌ನೆಸ್‌ವರೆಗೆ ನಡಿಗೆ. 1916ರ ಮೇನಲ್ಲಿ ಶ್ಯಾಕಲ್ಟನ್, ಅವನ ಸಂಗಡಿಗರಾದ ವರ್ಸ್ಲಿ, ಕ್ರೀನ್, ಮೂವರು ಗುಡಾರವಿಲ್ಲದೆ 36 ಗಂಟೆಯಲ್ಲಿ ದ್ವೀಪ ದಾಟಿದ ದಾರಿಯ ಕೊನೆಯ ತುಂಡು, ಸುಮಾರು ಆರು ಕಿ.ಮೀ., 300 ಮೀಟರ್ ಏರು. ಬೆಳಿಗ್ಗೆ ಕೊಲ್ಲಿಯ ನೀರು ಕನ್ನಡಿಯಂತಿತ್ತು. ಅರ್ಧ ಗಂಟೆಯಲ್ಲಿ 45 ನಾಟ್ ಗಾಳಿ.

ಈ ಗಾಳಿಯ ಕಾರಣ ಬೆಟ್ಟದ ಮೇಲಿದೆ. ಹಿಮಗಡ್ಡೆಯ ಮೇಲಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಭಾರಕ್ಕೆ ಇಳಿಜಾರಿನಲ್ಲಿ ಜಾರುತ್ತದೆ, ಹಿಮನದಿಯ ಕಿರಿದಾದ ಕಣಿವೆಯಲ್ಲಿ ವೇಗ ಪಡೆದು ಕೊಲ್ಲಿಗೆ ಬೀಳುತ್ತದೆ. ಹೊರಸಮುದ್ರ ಶಾಂತವಾಗಿದ್ದರೂ ಕೊಲ್ಲಿಯೊಳಗೆ ಬಿರುಗಾಳಿ ಏಳಬಹುದು, ಮುನ್ಸೂಚನೆಯ ನಕ್ಷೆಯಲ್ಲಿ ಇಷ್ಟು ಚಿಕ್ಕ ಜಾಗ ಕಾಣುವುದೇ ಇಲ್ಲ. ಸಾಮಾನ್ಯವಾಗಿ 25 ನಾಟ್, ಅಂದರೆ ಗಂಟೆಗೆ ಸುಮಾರು 46 ಕಿ.ಮೀ. ದಾಟಿದರೆ ದೋಣಿ ಇಳಿಸಲು ಹಿಂದೇಟು ಹಾಕುತ್ತಾರೆ. ಕೊನೆಯ ಮಾತು ಕ್ಯಾಪ್ಟನ್ ಮತ್ತು ತಂಡದ ಮುಖ್ಯಸ್ಥರದು. ಅವರ ಬಳಿ ವಾದಿಸುವ ಪ್ರಯಾಣಿಕರು ಪ್ರತಿ ಹಡಗಿನಲ್ಲೂ ಇರುತ್ತಾರೆ, ಒಂದೇ ಒಂದು ಖಾಲಿ ದೋಣಿ ಗಾಳಿಗೆ ಮೊಗಚುವುದನ್ನು ನೋಡಿದರೆ ಬಾಯಿ ಮುಚ್ಚುತ್ತಾರೆ. ಇಂಥ ಒಂದೆರಡು ದಿನ ಕಳೆದುಕೊಳ್ಳಲು ಸಿದ್ಧರಾಗಿಯೇ ಬರಬೇಕು. ದ್ವೀಪದಲ್ಲಿ ಎರಡೇ ದಿನ ಎಂದು ಬರೆದ ಪ್ರವಾಸವನ್ನು ಆರಿಸಬಾರದು ಎನ್ನುವುದು ಇದಕ್ಕೇ. ನಾಲ್ಕು ದಿನವಾದರೂ ಇರಲಿ.

ದಿನ 8: ಸಾಲ್ಸ್‌ಬರಿ ಬಯಲು, ಪ್ರಿಯಾನ್ ದ್ವೀಪ

ಸಾಲ್ಸ್‌ಬರಿಯಲ್ಲಿ ಸುಮಾರು 60,000 ಜೋಡಿ ಕಿಂಗ್‌ಗಳು. ದಂಡೆ ತೆರೆದಿದೆ, ಅಲೆ ನೇರ ಬಂದು ಒಡೆಯುತ್ತದೆ. ಹಾಗಾಗಿ ದೋಣಿಯನ್ನು ತಿರುಗಿಸಿ ಹಿಂಭಾಗದಿಂದ ದಂಡೆಗೆ ತಂದರು: ಮೂತಿ ಅಲೆಗೆ ಎದುರು, ಆರೇಳು ಜನ ಸೊಂಟದವರೆಗಿನ ರಬ್ಬರ್ ಉಡುಪು ತೊಟ್ಟು ನೀರಿನಲ್ಲಿ ನಿಂತು ಹಿಡಿದಿದ್ದರು. ಅಲೆಗಳ ನಡುವಿನ ಬಿಡುವಿನಲ್ಲಿ ಹೇಳಿದಾಗ ಇಳಿಯಬೇಕು, ಹೇಳದೆ ಏಳಬಾರದು.

ತುಪ್ಪಳದ ಸೀಲ್ ಗಂಡುಗಳು ಆಗಲೇ ಜಾಗ ಹಿಡಿಯತೊಡಗಿದ್ದವು. ಇವು ಎಲಿಫೆಂಟ್ ಸೀಲ್‌ನಂತಲ್ಲ, ಮುಂಗಾಲೂರಿ ಮನುಷ್ಯನಿಗಿಂತ ವೇಗವಾಗಿ ಓಡುತ್ತವೆ. ನುಗ್ಗಿ ಬಂದರೆ ಬೆನ್ನು ತಿರುಗಿಸಿ ಓಡಬೇಡಿ. ನಿಂತು, ಕೈ ಅಗಲಿಸಿ, ಗಟ್ಟಿ ದನಿಯಲ್ಲಿ ಗದರಿಸಿ. ಎರಡು ಕಲ್ಲು ಕುಟ್ಟಿದರೂ ನಿಲ್ಲುತ್ತವೆ. ಬಹುತೇಕ ಬೆದರಿಕೆಯಷ್ಟೆ. ಕಚ್ಚಿದರೆ ಮಾತ್ರ ಗಾಯ ಚಿಕ್ಕದಿದ್ದರೂ ಉದಾಸೀನ ಮಾಡಬಾರದು: ಸೀಲ್ ಬಾಯಿಯ ಸೋಂಕು ಸಾಮಾನ್ಯ ಪೆನಿಸಿಲಿನ್‌ಗೆ ಬಗ್ಗುವುದಿಲ್ಲ, ಟೆಟ್ರಾಸೈಕ್ಲಿನ್ ವರ್ಗದ ಔಷಧ ಬೇಕು. ಹಡಗಿನ ವೈದ್ಯರಿಗೆ ತಕ್ಷಣ ತೋರಿಸಿ.

ಮಧ್ಯಾಹ್ನ ಪ್ರಿಯಾನ್ ದ್ವೀಪ. ಇಲಿ ಎಂದೂ ಮುಟ್ಟದ ಜಾಗ, ಪಿಪಿಟ್‌ಗಳ ಚಿಲಿಪಿಲಿ ಇಳಿದ ಕೂಡಲೇ ಕೇಳಿತು. ನವೆಂಬರ್ 20ರಿಂದ ಜನವರಿ 7ರವರೆಗೆ ಸೀಲ್‌ಗಳಿಗಾಗಿ ಮುಚ್ಚಿರುತ್ತಾರೆ. ಮರದ ಕಾಲುಹಲಗೆಯ ಮೇಲೇ ನಡೆಯಬೇಕು. ಪಕ್ಕದ ಹುಲ್ಲಿನಡಿ ಪೆಟ್ರೆಲ್‌ಗಳ ಬಿಲಗಳು, ಕಾಲಿಟ್ಟರೆ ಕುಸಿದು ಮೊಟ್ಟೆಯೂ ಹೋಗುತ್ತದೆ, ನಿಮ್ಮ ಕಣಕಾಲೂ ಉಳುಕುತ್ತದೆ. ದಿಬ್ಬದ ಮೇಲೆ ವಾಂಡರಿಂಗ್ ಆಲ್ಬಟ್ರಾಸ್ ಮರಿಗಳು, ಒಂಬತ್ತು ತಿಂಗಳು ಗೂಡಿನಲ್ಲೇ ಚಳಿಗಾಲ ಕಳೆದು ಈಗ ಮೂರೂವರೆ ಮೀಟರ್‌ವರೆಗೂ ಹರಡುವ ರೆಕ್ಕೆ ಬಡಿದು ನೋಡುತ್ತಿರುತ್ತವೆ.

ಹಡಗು ಸೇರಿದ ಮೇಲೆ ಕಾಲುಚೀಲ ನೋಡಿಕೊಳ್ಳಿ. ಅಸೀನಾ ಎಂಬ ಇಲ್ಲಿನದೇ ಗಿಡದ ಮುಳ್ಳುಕಾಯಿ ನಮ್ಮ ಉತ್ತರಾಣಿಯ ಹಾಗೆ ಬಟ್ಟೆಗೆ ಕಚ್ಚುತ್ತದೆ. ಇಲ್ಲಿನದೇ ಆದರೂ ಇನ್ನೊಂದು ತೀರಕ್ಕೆ, ಫಾಕ್‌ಲ್ಯಾಂಡ್‌ಗೆ, ಊರಿಗೆ ಒಯ್ಯುವಂತಿಲ್ಲ.

ದಿನ 9ರಿಂದ 11: ಎದುರುಗಾಳಿ

ಬರುವಾಗ ಬೆನ್ನಿಗಿದ್ದ ಗಾಳಿ ಈಗ ಎದುರು. ಎರಡು ದಿನದ ದಾರಿ ಎರಡೂವರೆ, ಕೆಲವೊಮ್ಮೆ ಮೂರು ದಿನ. ಮೂತಿ ಅಲೆಗೆ ಗುದ್ದುವ ಈ ಪ್ರಯಾಣದಲ್ಲಿ ಹೋಗುವಾಗ ಗಟ್ಟಿಯಾಗಿದ್ದವರೂ ಮಲಗುತ್ತಾರೆ, ಆದ್ದರಿಂದ ಮಾತ್ರೆಗಳನ್ನು ವಾಪಸಾತಿಗೂ ಎತ್ತಿಡಿ.

ಕರ್ನಾಟಕದಿಂದ ಹೊರಡುವವರಿಗೆ ಎರಡು ಮಾತು. ಬ್ರೆಜಿಲ್ ಅಥವಾ ಅರ್ಜೆಂಟೀನಾ ಮೂಲಕ ವಾಪಸು ಬರುವುದಾದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಸಕ್ಕೆ ಹಾಕಬಹುದು. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲಷ್ಟೇ ಪತ್ರಕ್ಕೆ ಬೆಲೆ, ಹೊರಡುವ ಹಿಂದಿನ ವಾರ ಓಡಾಡಿದರೆ ಆಗದು. ಇನ್ನೊಂದು ವಿಮೆ: ಸೌತ್ ಜಾರ್ಜಿಯಾದಲ್ಲಿ ರನ್‌ವೇ ಇಲ್ಲದ ಕಾರಣ ಕಾಲು ಮುರಿದವರನ್ನೂ ಹಡಗಿನಲ್ಲೇ ಸ್ಟ್ಯಾನ್ಲಿಗೆ ತರಬೇಕು. ದೂರದ ಸಮುದ್ರದಿಂದ ಸ್ಥಳಾಂತರಿಸುವ ಖರ್ಚು ಸೇರಿದೆಯೇ ಎಂದು ಪಾಲಿಸಿಯ ಸಣ್ಣ ಅಕ್ಷರ ಓದಿ. ಫಾಕ್‌ಲ್ಯಾಂಡ್‌ನ ಮೌಂಟ್ ಪ್ಲೆಸೆಂಟ್ ವಿಮಾನ ನಿಲ್ದಾಣದಿಂದ ಚಿಲಿಗೆ ಹೋಗುವ ವಿಮಾನ ಶನಿವಾರಕ್ಕೊಂದು. ಎದುರುಗಾಳಿಗೆ ಹಡಗು ಒಂದು ದಿನ ತಡವಾದರೆ ಮುಂದಿನ ಶನಿವಾರದವರೆಗೆ ಕಾಯಬೇಕು, ಸಾಂಟಿಯಾಗೊದಿಂದಾಚೆಯ ಟಿಕೆಟ್‌ನ ದಿನಾಂಕ ಬದಲಿಸಲು ಬರುವಂತಿರಲಿ.